ಅಥಾರಿಟಿ ಎಂದಲ್ಲೆಲ್ಲ ಔತೊರಿದಾದ್ ಅಲ್ಲ: ಇಂಗ್ಲಿಷ್–ಸ್ಪ್ಯಾನಿಷ್ ನಡುವೆ ಒಂದು ಪದವನ್ನು ದಾಟಿಸುವ ಬಗೆ

ಈ ಇಂಗ್ಲಿಷ್ ವಾಕ್ಯ ನೋಡಿ: ‘ದ ಪೋರ್ಟ್ ಅಥಾರಿಟಿ ಹ್ಯಾಸ್ ನೋ ಅಥಾರಿಟಿ ಟು ಇಂಪೋಸ್ ಫೈನ್ಸ್, ಕನ್ಸಲ್ಟ್ ಆ್ಯನ್ ಅಥಾರಿಟಿ ಆನ್ ಮ್ಯಾರಿಟೈಮ್ ಲಾ.’ ಒಂದೇ ಸಾಲಲ್ಲಿ ಮೂರು ಅಥಾರಿಟಿ. ಮೂರಕ್ಕೂ ಅದರ ಸ್ಪ್ಯಾನಿಷ್ ಜೋಡಿಪದ ಔತೊರಿದಾದ್ ಎಂದು ಹಾಕಿದರೆ ವ್ಯಾಕರಣ ಕೆಡುವುದಿಲ್ಲ, ಅರ್ಥ ಕೆಡುತ್ತದೆ. ಸ್ಪ್ಯಾನಿಷ್ ಓದುಗ ಕೊನೆಗೆ ಬಂದಾಗ, ವಕೀಲರನ್ನು ಕೇಳಬೇಕೋ ಬಂದರಿನ ಅಧಿಕಾರಿಯನ್ನು ಕೇಳಬೇಕೋ ಎಂದು ತಡವರಿಸುತ್ತಾನೆ.

ಕನ್ನಡಿಗರಿಗೆ ಇಲ್ಲೊಂದು ಅನುಕೂಲ ಇದೆ, ಅದನ್ನು ಯಾರೂ ಬಳಸಿಕೊಳ್ಳುವುದಿಲ್ಲ. ಇಂಗ್ಲಿಷ್ ಒಂದೇ ಪದದಲ್ಲಿ ತುಂಬಿಟ್ಟಿದ್ದನ್ನು ಕನ್ನಡ ಆಗಲೇ ಬಿಡಿಸಿ ಇಟ್ಟಿದೆ. ಮೇಲಿನ ಸಾಲನ್ನೇ ಕನ್ನಡದಲ್ಲಿ ಹೇಳಿ: ‘ಬಂದರು ಪ್ರಾಧಿಕಾರಕ್ಕೆ ದಂಡ ಹಾಕುವ ಅಧಿಕಾರವಿಲ್ಲ, ಕಡಲ ಕಾನೂನು ಬಲ್ಲ ತಜ್ಞರನ್ನು ಕೇಳಿ.’ ಪ್ರಾಧಿಕಾರ, ಅಧಿಕಾರ, ತಜ್ಞ. ಮೂರು ಪದ ಬೇರೆಬೇರೆಯಾಗಿ ಬಂದವು ನೋಡಿ, ಸ್ಪ್ಯಾನಿಷಿಗೂ ಹಾಗೇ ಮೂರು ಪದ ಬೇಕು: ‘ಲಾ ಔತೊರಿದಾದ್ ಪೊರ್ತುವಾರಿಯಾ ನೊ ತಿಯೆನೆ ಪೊತೆಸ್ತಾದ್ ಪಾರಾ ಇಂಪೊನೆರ್ ಮುಲ್ತಾಸ್, ಕೊನ್ಸುಲ್ತೆ ಅ ಉನ್ ಎಸ್ಪೆಸಿಯಲಿಸ್ತಾ ಎನ್ ದೆರೆಚೊ ಮರೀತಿಮೊ.’ ಹಾಗಾಗಿ ವಿಧಾನ ಇಷ್ಟೇ: ಇಂಗ್ಲಿಷಿನಿಂದ ನೇರ ಸ್ಪ್ಯಾನಿಷಿಗೆ ಹಾರಬೇಡಿ. ಮನಸ್ಸಿನಲ್ಲೇ ಒಮ್ಮೆ ಕನ್ನಡಕ್ಕೆ ತಂದು, ಅಲ್ಲಿ ಯಾವ ಪದ ಬಂತು ಎಂದು ನೋಡಿ, ಆಮೇಲೆ ಮುಂದೆ ಹೋಗಿ.

(ಉಚ್ಚಾರದ ಬಗ್ಗೆ ಒಂದು ಮಾತು. ಇಲ್ಲಿ ಸ್ಪ್ಯಾನಿಷ್ ಪದಗಳನ್ನು ಲ್ಯಾಟಿನ್ ಅಮೆರಿಕದ ರೀತಿಯಲ್ಲಿ ಬರೆದಿದೆ. ಇಲ್ಲಿನ ಕೆಲವು ‘ಸ’ಗಳು ಸ್ಪೇನಿನ ಬಹುಭಾಗದಲ್ಲಿ ನಾಲಿಗೆ ಹಲ್ಲಿಗೆ ತಾಕುವ ‘ಥ’ ಆಗುತ್ತವೆ: ಕೊಂಪೆತೆನ್ಸಿಯಾ ಅಲ್ಲಿ ಕೊಂಪೆತೆನ್ಥಿಯಾ. ಔತೊರಿದಾದ್ ಪದದ ಕೊನೆಯ ‘ದ್’ ತೀರಾ ಮೆತ್ತಗೆ. ಒತ್ತು ‘ದಾ’ ಮೇಲೆ.)

ಬೇರು ಒಂದೇ, ಪಾಲಾದ ರೀತಿ ಬೇರೆ

ಎರಡೂ ಪದ ಬಂದಿದ್ದು ಲ್ಯಾಟಿನಿನ ಅಉಕ್ತೊರಿತಾಸ್‌ನಿಂದ. ಅದರ ಹಿಂದೆ ಅಉಕ್ತೊರ್, ಎಂದರೆ ಹುಟ್ಟುಹಾಕುವವನು, ಕರ್ತೃ. ಅದರ ಹಿಂದೆ ಬೆಳೆಸು ಎಂಬ ಅರ್ಥದ ಅಉಗೆರೆ. ರೋಮನ್ನರಿಗೆ ಇದರ ಪಕ್ಕದಲ್ಲಿ ಇನ್ನೊಂದು ಪದ ಇತ್ತು, ಪೊತೆಸ್ತಾಸ್. ಸೆನೆಟ್ಟಿನ ಮಾತಿಗಿದ್ದ ತೂಕ ಅಉಕ್ತೊರಿತಾಸ್. ಹುದ್ದೆಯಲ್ಲಿದ್ದವನು ಆಜ್ಞೆ ಮಾಡಿ ನಡೆಸಬಲ್ಲ ಶಕ್ತಿ ಪೊತೆಸ್ತಾಸ್. 20ನೇ ಶತಮಾನದ ಸ್ಪ್ಯಾನಿಷ್ ನ್ಯಾಯಶಾಸ್ತ್ರಜ್ಞ ಆಲ್ವರೊ ದೋರ್ಸ್ ಮೊದಲನೆಯದನ್ನು ಸಮಾಜ ಮನ್ನಿಸಿದ ಅರಿವು ಎಂದೂ ಎರಡನೆಯದನ್ನು ಸಮಾಜ ಮನ್ನಿಸಿದ ಬಲ ಎಂದೂ ಬಿಡಿಸಿದರು.

ಸ್ಪ್ಯಾನಿಷ್ ಈ ಎರಡನ್ನೂ ಉಳಿಸಿಕೊಂಡಿತು. ಔತೊರಿದಾದ್ ಇದೆ, ಪೊತೆಸ್ತಾದ್ ಕೂಡ ಕಾನೂನಿನಲ್ಲಿ ದಿನಬಳಕೆಯ ಪದ. ಇಂಗ್ಲಿಷಿಗೆ ಪೊತೆಸ್ತಾಸ್ ಬರಲೇ ಇಲ್ಲ ಎನ್ನಬೇಕು. ಅದರ ಕೆಲಸವೂ ಅಥಾರಿಟಿ ಮತ್ತು ಪವರ್ ತಲೆಗೇ ಬಿತ್ತು. ಮುಂದಿನ ಎಡವಟ್ಟುಗಳಲ್ಲಿ ಅರ್ಧದಷ್ಟಕ್ಕೆ ಮೂಲ ಇದೇ.

ಮೊದಲ ಹೆಜ್ಜೆ: ಅಥಾರಿಟಿ ನಂತರದ ಪುಟ್ಟ ಪದ ನೋಡಿ

ಇಂಗ್ಲಿಷಿನಲ್ಲಿ ಅರ್ಥವನ್ನು ಬಿಟ್ಟುಕೊಡುವುದು ಅಥಾರಿಟಿ ಅಲ್ಲ, ಅದರ ಅಕ್ಕಪಕ್ಕದ ಉಪಸರ್ಗ.

ಓವರ್ ಬಂದರೆ ಹತೋಟಿ, ಮೇಲಿನವರ ಅಧಿಕಾರ. ಇದು ಸಲೀಸು: ಔತೊರಿದಾದ್ ಸೋಬ್ರೆ. ಯೋಚನೆ ಬೇಡ.

ಆನ್ ಬಂದು, ಹಿಂದೆ ‘ಆ್ಯನ್ ಅಥಾರಿಟಿ’ ಎಂದು ಏಕವಚನ ಇದ್ದರೆ ತಜ್ಞ. ಸ್ಪ್ಯಾನಿಷಿನಲ್ಲಿ ಉನಾ ಔತೊರಿದಾದ್ ಎನ್ ಎಂದರೆ ಸರಿಯೇ. ಎಸ್ ಉನಾ ಔತೊರಿದಾದ್ ಎನ್ ಲಾ ಮತೇರಿಯಾ ಎಂಬುದು ಒಳ್ಳೆಯ ಸ್ಪ್ಯಾನಿಷ್. ಆದರೆ ‘ಎನ್’ ಬಿಟ್ಟು ಬರೀ ಉನಾ ಔತೊರಿದಾದ್ ಎಂದರೆ ಓದುಗನ ಕಣ್ಣಿಗೆ ಬರುವುದು ತಜ್ಞ ಅಲ್ಲ, ಕುರ್ಚಿಯ ಮೇಲಿನ ಅಧಿಕಾರಿ. ವಾಕ್ಯದಲ್ಲಿ ಸರ್ಕಾರಿ ಸಂಸ್ಥೆಯೊಂದು ಆಗಲೇ ಕೂತಿದ್ದರೆ ಎಸ್ಪೆಸಿಯಲಿಸ್ತಾ ಅಥವಾ ಎಕ್ಸ್ಪೆರ್ತೊ ಹಾಕಿ ಪಾರಾಗಿ.

ಟು ಬಂದರೆ ನಿಂತುಕೊಳ್ಳಿ. ಅತಿ ಹೆಚ್ಚು ತಪ್ಪು ಆಗುವುದು ಇಲ್ಲೇ, ಮುಂದೆ ವಿವರವಾಗಿದೆ.

ವಿತ್ ಬಂದರೆ ಮಾತಿನ ಗತ್ತು. ಗತ್ತು ದನಿಯದಾದರೆ ಕೊನ್ ಔತೊರಿದಾದ್. ವಿಷಯ ತಿಳಿದು ಮಾತಾಡುತ್ತಾನೆ ಎಂದಾದರೆ ಕೊನ್ ಕೊನೊಸಿಮಿಯೆಂತೊ ದೆ ಕೌಸಾ.

‘ಆನ್ ಗುಡ್ ಅಥಾರಿಟಿ’ ಎಂಬುದಕ್ಕೆ ಕನ್ನಡ ಪತ್ರಿಕೆಗಳಲ್ಲಿ ಸವೆದು ನುಣುಪಾದ ಮಾತೊಂದಿದೆ: ಬಲ್ಲ ಮೂಲಗಳಿಂದ ತಿಳಿದುಬಂದಿದೆ. ಸ್ಪ್ಯಾನಿಷ್ ಕೂಡ ಮೂಲ ಎಂದೇ ಹೇಳುತ್ತದೆ: ದೆ ಬುಯೆನಾ ಫುಯೆಂತೆ. ಆಡುಮಾತಿನ ಸಲುಗೆ ಬೇಕಿದ್ದರೆ ದೆ ಬುಯೆನಾ ತಿಂತಾ, ಅಕ್ಷರಶಃ ಒಳ್ಳೆಯ ಶಾಯಿಯಿಂದ. ಕೊನ್ ಬುಯೆನಾ ಔತೊರಿದಾದ್ ಎಂದರೆ ಯಾರಿಗೂ ಅರ್ಥವಾಗದು.

‘ಆನ್ ಹಿಸ್ ಓನ್ ಅಥಾರಿಟಿ’, ಯಾರನ್ನೂ ಕೇಳದೆ ತಾನೇ ಮಾಡಿದ ಎಂಬುದು, ಪೊರ್ ಸು ಕುಯೆಂತಾ. ‘ವಿದೌಟ್ ಅಥಾರಿಟಿ’ ಬಹುಪಾಲು ಅಪ್ಪಣೆ ಇಲ್ಲದೆ ಎಂದೇ: ಸಿನ್ ಔತೊರಿಸಾಸ್ಯೋನ್.

‘ಅಥಾರಿಟಿ ಟು’: ಅಧಿಕಾರಕ್ಕೆ ನಾಲ್ಕೈದು ಹೆಸರು

ಒಂದು ಒಪ್ಪಂದದ ಕೊನೆಯಲ್ಲಿ ‘ಐ ಹ್ಯಾವ್ ಫುಲ್ ಅಥಾರಿಟಿ ಟು ಸೈನ್ ದಿಸ್ ಕಾಂಟ್ರ್ಯಾಕ್ಟ್’ ಎಂದಿರುತ್ತದೆ. ತೆಂಗೊ ಔತೊರಿದಾದ್ ಪಾರಾ ಎಂದು ಬರೆದರೆ ವ್ಯಾಕರಣದಲ್ಲಿ ತಪ್ಪಿಲ್ಲ, ಆದರೆ ಅನುವಾದದ ವಾಸನೆ ಹೊಡೆಯುತ್ತದೆ. ಸಹಿ ಹಾಕುವವನು ಯಾರನ್ನೂ ಆಳುತ್ತಿಲ್ಲ. ಸಹಿ ಹಾಕುವ ಕಾನೂನುಬದ್ಧ ಸಾಮರ್ಥ್ಯ ಅವನಿಗಿದೆ, ಅಷ್ಟೇ. ಅದಕ್ಕೆ ಪದ ಫಕುಲ್ತಾದ್, ಇಂಥ ಕಡೆ ಬಹುವಚನದಲ್ಲಿ: ತೆಂಗೊ ಫಕುಲ್ತಾದೆಸ್ ಸುಫಿಸಿಯೆಂತೆಸ್ ಪಾರಾ ಫಿರ್ಮಾರ್ ಎಸ್ತೆ ಕೊಂತ್ರಾತೊ. ಆ ಸಾಮರ್ಥ್ಯವನ್ನು ಬೇರೊಬ್ಬರು ಬರಹದಲ್ಲಿ ಕೊಟ್ಟಿದ್ದರೆ ಅದು ಪೊದೆರ್, ನಮ್ಮ ಮುಖ್ತ್ಯಾರನಾಮೆ. ಒಂದೇ ಕೆಲಸಕ್ಕೆ ಸೀಮಿತವಾದದ್ದು ಪೊದೆರ್ ಎಸ್ಪೆಸಿಯಾಲ್, ಎಲ್ಲದಕ್ಕೂ ಸಲ್ಲುವುದು ಪೊದೆರ್ ಹೆನೆರಾಲ್, ಪಡೆದವನು ಅಪೊದೆರಾದೊ. ಒಂದು ಸಲದ ಅನುಮತಿ ಮಾತ್ರವಾಗಿದ್ದರೆ ಔತೊರಿಸಾಸ್ಯೋನ್.

ಸರ್ಕಾರಿ ಅಂಗಗಳ ವಿಷಯ ಬಂದಾಗ ದೇಶ ಕೇಳದೆ ಪದ ಆರಿಸಬೇಡಿ. ಸಂವಿಧಾನಗಳನ್ನೇ ತೆರೆದು ನೋಡಿ. ಮೆಕ್ಸಿಕೊದ ಸಂವಿಧಾನದ 89ನೇ ವಿಧಿ ಅಧ್ಯಕ್ಷರಿಗಿರುವುದನ್ನು ಫಕುಲ್ತಾದೆಸ್ ಎನ್ನುತ್ತದೆ. ಅರ್ಜೆಂಟೀನಾದ 99ನೇ ವಿಧಿ ಅದನ್ನೇ ಅತ್ರಿಬುಸ್ಯೋನೆಸ್ ಎನ್ನುತ್ತದೆ. ಸ್ಪೇನಿನ 1978ರ ಸಂವಿಧಾನದಲ್ಲಿ 66ನೇ ವಿಧಿಯ ಸಂಸತ್ತಿಗೂ, 97ನೇ ವಿಧಿಯ ಸರ್ಕಾರಕ್ಕೂ, 117ನೇ ವಿಧಿಯ ನ್ಯಾಯಾಲಯಗಳಿಗೂ ಇರುವುದು ಪೊತೆಸ್ತಾದ್. ಕೇಂದ್ರಕ್ಕೂ ಪ್ರಾಂತಗಳಿಗೂ ವಿಷಯಗಳನ್ನು ಹಂಚುವ 149ನೇ ವಿಧಿಗೆ ಬಂದರೆ ಪದ ಕೊಂಪೆತೆನ್ಸಿಯಾ. ಇವೆಲ್ಲವನ್ನೂ ಇಂಗ್ಲಿಷ್ ಪವರ್ಸ್ ಅಥವಾ ಅಥಾರಿಟಿ ಎಂದು ಒಂದೇ ಚೀಲಕ್ಕೆ ತುರುಕುತ್ತದೆ.

ಸ್ಥೂಲವಾಗಿ ಹೀಗಿಟ್ಟುಕೊಳ್ಳಿ. ಇಂಥ ವಿಷಯ ಯಾರ ವ್ಯಾಪ್ತಿಗೆ ಬರುತ್ತದೆ ಎಂಬ ಪ್ರಶ್ನೆಗೆ ಉತ್ತರ ಕೊಂಪೆತೆನ್ಸಿಯಾ. ದಂಡ ಹಾಕುವ, ನಿಯಮ ಮಾಡುವ, ತೀರ್ಪು ಕೊಡುವ ಬಲ ಪೊತೆಸ್ತಾದ್. ಒಂದು ಹುದ್ದೆಗೆ ಕಾನೂನು ವಹಿಸಿದ ಕೆಲಸಗಳ ಪಟ್ಟಿ ಅತ್ರಿಬುಸ್ಯೋನೆಸ್.

ಈ ಪದಗಳಲ್ಲೂ ಗುಂಡಿಗಳಿವೆ. ಫಕುಲ್ತಾದ್ ಎಂದರೆ ವಿಶ್ವವಿದ್ಯಾಲಯದ ವಿಭಾಗವೂ ಹೌದು. ಕೊಂಪೆತೆನ್ಸಿಯಾ ಎಂದರೆ ಪೈಪೋಟಿಯೂ ಹೌದು. ಆದ್ದರಿಂದ ಔತೊರಿದಾದ್ ಕೊಂಪೆತೆಂತೆ ಎಂಬುದು ಸಕ್ಷಮ ಪ್ರಾಧಿಕಾರ, ಔತೊರಿದಾದ್ ದೆ ಕೊಂಪೆತೆನ್ಸಿಯಾ ಎಂಬುದು ಮಾರುಕಟ್ಟೆಯ ಪೈಪೋಟಿ ಕಾಯುವ ಸಂಸ್ಥೆ. ಒಂದು ‘ದೆ’ ಜಾರಿದರೆ ಸಂಸ್ಥೆಯೇ ಬದಲಾಗುತ್ತದೆ.

ತಂದೆತಾಯಿಗೆ ಮಕ್ಕಳ ಮೇಲಿರುವ ಪೇರೆಂಟಲ್ ಅಥಾರಿಟಿ ಸ್ಪೇನಿನ ಕಾನೂನಿನಲ್ಲಿ ಪಾತ್ರಿಯಾ ಪೊತೆಸ್ತಾದ್. ಅರ್ಜೆಂಟೀನಾದಲ್ಲಿ ಹಾಗೆ ಬರೆದರೆ ಹಳೆಯ ಕಡತದ ಮಾತಾಗುತ್ತದೆ: 2015ರ ಆಗಸ್ಟ್ 1ರಿಂದ ಜಾರಿಯಲ್ಲಿರುವ ಅಲ್ಲಿನ ಹೊಸ ನಾಗರಿಕ ಸಂಹಿತೆ ಅದನ್ನು ರೆಸ್ಪೊನ್ಸಬಿಲಿದಾದ್ ಪರೆಂತಾಲ್ ಎಂದು ಬದಲಿಸಿದೆ.

ಸಂಸ್ಥೆಯ ಹೆಸರಲ್ಲಿ ಅಥಾರಿಟಿ ಇದ್ದರೆ

ಹೆಸರನ್ನು ಅನುವಾದಿಸುವ ಮೊದಲು ಆ ಸಂಸ್ಥೆಗೆ ಅಧಿಕೃತ ಸ್ಪ್ಯಾನಿಷ್ ಹೆಸರು ಇದೆಯೇ ನೋಡಿ. ಪನಾಮಾ ಕಾಲುವೆಯನ್ನು 1999ರ ಡಿಸೆಂಬರ್ 31ರಂದು ವಹಿಸಿಕೊಂಡ ಸಂಸ್ಥೆ ಔತೊರಿದಾದ್ ದೆಲ್ ಕನಾಲ್ ದೆ ಪನಮಾ. ಸ್ಪೇನಿನ ಬಂದರುಗಳಲ್ಲಿ ಔತೊರಿದಾದ್ ಪೊರ್ತುವಾರಿಯಾ ದೆ ಬಾರ್ಸೆಲೊನಾ, ದೆ ವಲೆನ್ಸಿಯಾ ಎಂದೇ ಇದೆ. ಪ್ವೆರ್ತೊ ರಿಕೊದ ವಿದ್ಯುತ್ ಸಂಸ್ಥೆ ಔತೊರಿದಾದ್ ದೆ ಎನೆರ್ಹಿಯಾ ಎಲೆಕ್ತ್ರಿಕಾ. ಅಮೆರಿಕದ ಆಡಳಿತದ ನೆರಳು ಆ ಹೆಸರಿನ ಮೇಲೆ ಎದ್ದು ಕಾಣುತ್ತದೆ. ಆದರೆ ಅಧಿಕೃತ ಹೆಸರಿಲ್ಲದ ಸಂಸ್ಥೆಯನ್ನು ವಿವರಿಸುವಾಗ ಕೊಮಿಸ್ಯೋನ್, ಇನ್ಸ್ತಿತೂತೊ, ಒರ್ಗಾನಿಸ್ಮೊ, ಎಂತೆ ಇವೇ ಹೆಚ್ಚು ಸಹಜ.

ಬ್ರಿಟನ್ನಿನ ಲೋಕಲ್ ಅಥಾರಿಟಿ ಬೇರೆಯೇ ಕತೆ. ಅದು ಚುನಾಯಿತ ಸ್ಥಳೀಯ ಆಡಳಿತ, ಕೌನ್ಸಿಲ್. ಊರಿನ ಮಟ್ಟದ್ದಾದರೆ ಅಯುಂತಮಿಯೆಂತೊ ಸಾಕು. ಕೌಂಟಿ ಮಟ್ಟದ್ದಾದರೆ ಅದ್ಮಿನಿಸ್ತ್ರಸ್ಯೋನ್ ಲೊಕಾಲ್ ಎಂದು ಅಗಲವಾಗಿ ಹೇಳಿ. ಔತೊರಿದಾದ್ ಲೊಕಾಲ್ ಎಂದರೆ ಓದುಗನಿಗೆ ಮೇಯರೋ ಠಾಣೆಯ ಪೊಲೀಸನೋ ಕಾಣಬಹುದು. ಬಹುವಚನದ ‘ದಿ ಅಥಾರಿಟೀಸ್’ ಮಾತ್ರ ಲಾಸ್ ಔತೊರಿದಾದೆಸ್ ಎಂದು ನೆಮ್ಮದಿಯಾಗಿ ದಾಟುತ್ತದೆ. ಡಿಜಿಟಲ್ ಪ್ರಮಾಣಪತ್ರ ಕೊಡುವ ಸರ್ಟಿಫಿಕೇಟ್ ಅಥಾರಿಟಿಯೂ ಹಾಗೇ, ಔತೊರಿದಾದ್ ದೆ ಸೆರ್ತಿಫಿಕಸ್ಯೋನ್.

ತಿರುಗಿ ಬರುವಾಗ: ಸ್ಪ್ಯಾನಿಷಿನಲ್ಲಿ ಔತೊರಿದಾದ್ ಒಬ್ಬ ಮನುಷ್ಯ

ಸ್ಪ್ಯಾನಿಷಿನಿಂದ ಇಂಗ್ಲಿಷಿಗೆ ತರುವಾಗ ಎಡವುವ ಜಾಗ ಒಂದೇ, ಆದರೆ ಆಳವಾದದ್ದು. ಇಂಗ್ಲಿಷಿನಲ್ಲಿ ಮೇಯರ್ ಅಥಾರಿಟಿ ಹೊಂದಿರುತ್ತಾನೆ. ಸ್ಪ್ಯಾನಿಷಿನಲ್ಲಿ ಮೇಯರೇ ಔತೊರಿದಾದ್. ಕನ್ನಡ ಇದನ್ನು ಒಂದು ಗುಣಿತದಲ್ಲಿ ಮುಗಿಸುತ್ತದೆ: ಅಧಿಕಾರ, ಅಧಿಕಾರಿ, ಪ್ರಾಧಿಕಾರ, ಪ್ರಾಧಿಕಾರಿ.

ಸ್ಪೇನಿನ ದಂಡ ಸಂಹಿತೆಯ 24ನೇ ವಿಧಿ ಯಾರನ್ನು ಔತೊರಿದಾದ್ ಎಂದು ಎಣಿಸಬೇಕು ಎಂದು ಬಿಡಿಸಿ ಹೇಳುತ್ತದೆ: ಒಂಟಿಯಾಗಿ ಅಥವಾ ಮಂಡಳಿ, ನ್ಯಾಯಮಂಡಳಿಗಳ ಸದಸ್ಯನಾಗಿ ಆಜ್ಞೆ ಕೊಡುವ ಅಧಿಕಾರ ಇರುವವನು, ಅಥವಾ ಸ್ವಂತ ನ್ಯಾಯಾಧಿಕಾರ ನಡೆಸುವವನು. 550ನೇ ವಿಧಿಯ ಅಪರಾಧದ ಹೆಸರು ಅತೆಂತಾದೊ. ‘ಅತೆಂತಾದೊ ಕೊಂತ್ರಾ ಲಾ ಔತೊರಿದಾದ್’ ಎಂಬುದನ್ನು ಅಟ್ಯಾಕ್ ಆನ್ ಅಥಾರಿಟಿ ಎಂದು ತಂದರೆ ಯಾರೋ ಕ್ರಾಂತಿ ಮಾಡಿದಂತೆ ಕೇಳುತ್ತದೆ. ಅತೆಂತಾದೊ ಎಂಬ ಪದಕ್ಕೆ ಭಯೋತ್ಪಾದಕ ದಾಳಿ ಎಂಬ ಅರ್ಥವೂ ಇರುವುದರಿಂದ ಸುದ್ದಿ ಇನ್ನೂ ಭೀಕರವಾಗುತ್ತದೆ. ನಡೆದದ್ದು ಕರ್ತವ್ಯದಲ್ಲಿದ್ದವರ ಮೇಲೆ ಕೈ ಮಾಡಿದ್ದು. ಇಂಗ್ಲಿಷಿನಲ್ಲಿ ಅಸಾಲ್ಟ್ ಆನ್ ಎ ಪಬ್ಲಿಕ್ ಆಫೀಸರ್ ಎನ್ನಿ. ಅದೇ ರೀತಿ ಅಹೆಂತೆ ದೆ ಲಾ ಔತೊರಿದಾದ್ ಎಂದರೆ ಬಹುತೇಕ ಕಡೆ ಪೊಲೀಸ್ ಆಫೀಸರ್. ಏಜೆಂಟ್ ಪದ ಹತ್ತಿರ ಸುಳಿಯಬಾರದು.

ಮ್ಯಾಡ್ರಿಡ್ ಪ್ರಾಂತ 2010ರ ಜೂನ್ 15ರಂದು ಒಂದು ಕಾನೂನು ತಂದಿತು, ಲೇ ದೆ ಔತೊರಿದಾದ್ ದೆಲ್ ಪ್ರೊಫೆಸೊರ್. ಹೆಸರನ್ನು ಟೀಚರ್ಸ್ ಅಥಾರಿಟಿ ಎಂದು ಓದಿದರೆ ತರಗತಿಯಲ್ಲಿ ಮೇಷ್ಟರ ಗತ್ತು ಹೆಚ್ಚಿಸುವ ಕಾನೂನು ಅನಿಸುತ್ತದೆ. ಅದು ಮಾಡಿದ್ದು ಶಿಕ್ಷಕರಿಗೆ ಔತೊರಿದಾದ್ ಪೂಬ್ಲಿಕಾ ಎಂಬ ಕಾನೂನು ಸ್ಥಾನ ಕೊಡುವುದನ್ನು. ಇಲ್ಲಿ ಇಂಗ್ಲಿಷಿಗೆ ಒಂದೆರಡು ಪದ ಹೆಚ್ಚು ಖರ್ಚು ಮಾಡದೆ ಬೇರೆ ದಾರಿ ಇಲ್ಲ: ‘ದ ಲೀಗಲ್ ಸ್ಟೇಟಸ್ ಆಫ್ ಪಬ್ಲಿಕ್ ಅಥಾರಿಟಿ’ ಎಂದು ಸ್ಥಾನವನ್ನು ಹೆಸರಿಸಲೇಬೇಕು.

2020ರ ಮಾರ್ಚ್ 14ರಂದು ಸ್ಪೇನ್ ಹೊರಡಿಸಿದ 463/2020 ಸಂಖ್ಯೆಯ ತುರ್ತುಸ್ಥಿತಿಯ ಆದೇಶದಲ್ಲೂ ಇದೇ ಬಳಕೆ. ಸರ್ಕಾರ ಔತೊರಿದಾದ್ ಕೊಂಪೆತೆಂತೆ, ಆರೋಗ್ಯ, ಗೃಹ ಮುಂತಾದ ನಾಲ್ವರು ಮಂತ್ರಿಗಳು ಔತೊರಿದಾದೆಸ್ ಕೊಂಪೆತೆಂತೆಸ್ ದೆಲೆಗಾದಾಸ್. ಮಂತ್ರಿ ಗಂಡಸಾದರೂ ವಿಶೇಷಣ ದೆಲೆಗಾದಾ ಎಂದು ಸ್ತ್ರೀಲಿಂಗದಲ್ಲೇ ನಿಲ್ಲುತ್ತದೆ, ಏಕೆಂದರೆ ಹೊಂದಿಕೆ ಔತೊರಿದಾದ್ ಪದದ ಜೊತೆ, ಮನುಷ್ಯನ ಜೊತೆ ಅಲ್ಲ.

ಮೆಕ್ಸಿಕೊದ ಆಂಪಾರೊ ದಾವೆಗಳಲ್ಲಿ (ಅಧಿಕಾರಿಗಳ ಕ್ರಮದಿಂದ ಹಕ್ಕಿಗೆ ಧಕ್ಕೆಯಾಯಿತೆಂದು ಕೋರ್ಟಿನಲ್ಲಿ ರಕ್ಷಣೆ ಕೇಳುವ ದಾವೆ) ಎದುರುಪಕ್ಷದ ಹೆಸರೇ ಔತೊರಿದಾದ್ ರೆಸ್ಪೊನ್ಸಾಬ್ಲೆ. ಯಾರ ಕ್ರಮವನ್ನು ಪ್ರಶ್ನಿಸಲಾಗಿದೆಯೋ ಆ ಅಧಿಕಾರಿ ಅಥವಾ ಕಚೇರಿ ಅದು. 2013ರ ಆಂಪಾರೊ ಕಾನೂನಿನ 5ನೇ ವಿಧಿಯ ಪ್ರಕಾರ ಅಧಿಕಾರಿಗೆ ಸಮನಾದ ಕ್ರಮ ಕೈಗೊಂಡ ಖಾಸಗಿ ವ್ಯಕ್ತಿಯೂ ಈ ಸ್ಥಾನಕ್ಕೆ ಬರಬಹುದು. ಅಲ್ಲಿನ ಆಕ್ತೊ ದೆ ಔತೊರಿದಾದ್ ಇಂಗ್ಲಿಷಿನಲ್ಲಿ ಗವರ್ನಮೆಂಟ್ ಆ್ಯಕ್ಷನ್. ಆ್ಯಕ್ಟ್ ಆಫ್ ಅಥಾರಿಟಿ ಎಂದು ಬರೆದರೆ ಏನನ್ನೂ ಹೇಳಿದಂತಾಗುವುದಿಲ್ಲ. ಪೊರ್ ಓರ್ದೆನ್ ದೆ ಲಾ ಔತೊರಿದಾದ್ ಹುದಿಸಿಯಾಲ್ ಎಂಬ ಉದ್ದನೆಯ ಸಾಲು ಇಂಗ್ಲಿಷಿಗೆ ಬಂದಾಗ ಮೂರೇ ಪದ: ಬೈ ಕೋರ್ಟ್ ಆರ್ಡರ್.

ಸಮಾರಂಭಗಳ ಔತೊರಿದಾದೆಸ್ ಇನ್ನೊಂದು ಜಾತಿ. ತ್ರಿಬುನಾ ದೆ ಔತೊರಿದಾದೆಸ್ ಎಂದರೆ ಗಣ್ಯರ ವೇದಿಕೆ. ಔತೊರಿದಾದೆಸ್ ಸಿವಿಲೆಸ್ ಇ ಮಿಲಿತಾರೆಸ್ ಹಾಜರಿದ್ದರು ಎಂಬ ವರದಿಗೆ ಇಂಗ್ಲಿಷ್ ಡಿಗ್ನಿಟರೀಸ್. ‘ದಿ ಅಥಾರಿಟೀಸ್ ಅಟೆಂಡೆಡ್’ ಎಂದು ಬರೆದರೆ ತಪಾಸಣೆಗೆ ಬಂದರು ಎಂದು ಭಾಸವಾಗುತ್ತದೆ.

ಆಧಾರ ಎಂಬ ಅರ್ಥ

ಕನ್ನಡದಲ್ಲಿ ಪ್ರಮಾಣ ಎನ್ನುತ್ತೇವಲ್ಲ, ವಾದಕ್ಕೆ ಆಧಾರವಾಗಿ ಎತ್ತಿ ತೋರಿಸುವ ಗ್ರಂಥ ಅಥವಾ ಮಾತು, ಅದೂ ಅಥಾರಿಟಿಯೇ. ಸ್ಪ್ಯಾನಿಷಿನಲ್ಲಿ ಈ ಅರ್ಥಕ್ಕೆ ಗೌರವದ ಇತಿಹಾಸವಿದೆ. 1713ರಲ್ಲಿ ಹುಟ್ಟಿದ ಸ್ಪ್ಯಾನಿಷ್ ಅಕಾಡೆಮಿ 1726ರಿಂದ 1739ರವರೆಗೆ ಆರು ಸಂಪುಟಗಳಲ್ಲಿ ತಂದ ಮೊದಲ ನಿಘಂಟಿಗೆ ಬಿದ್ದ ಹೆಸರೇ ದಿಕ್ಸಿಯೊನಾರಿಯೊ ದೆ ಔತೊರಿದಾದೆಸ್: ಲೇಖಕರ ಪ್ರಯೋಗಗಳನ್ನು ಪ್ರಮಾಣವಾಗಿ ಕೊಟ್ಟ ಕಾರಣಕ್ಕೆ. ಗ್ರಂಥಾಲಯಗಳ ಅಥಾರಿಟಿ ಕಂಟ್ರೋಲ್ ಇಂದಿಗೂ ಕೊಂತ್ರೋಲ್ ದೆ ಔತೊರಿದಾದೆಸ್.

ಕೋರ್ಟಿನಲ್ಲಿ ಮಾತ್ರ ಇದು ನಡೆಯದು. ಅಮೆರಿಕದ ವಕೀಲರ ಟೇಬಲ್ ಆಫ್ ಅಥಾರಿಟೀಸ್‌ನಲ್ಲಿ ಇರುವುದು ಹಿಂದಿನ ತೀರ್ಪು ಮತ್ತು ಶಾಸನಗಳ ಪಟ್ಟಿ. ಸ್ಪ್ಯಾನಿಷಿನಲ್ಲಿ ತೀರ್ಪುಗಳಿಗೆ ಹುರಿಸ್ಪ್ರುದೆನ್ಸಿಯಾ, ಶಾಸನಗಳಿಗೆ ಲೆಹಿಸ್ಲಸ್ಯೋನ್ ಎಂದು ಒಡೆದು ಹೇಳಿ. ಮರಳಿ ಬರುವಾಗ ಹುರಿಸ್ಪ್ರುದೆನ್ಸಿಯಾವನ್ನು ಜೂರಿಸ್ಪ್ರೂಡೆನ್ಸ್ ಮಾಡಬೇಡಿ. ಇಂಗ್ಲಿಷಿನಲ್ಲಿ ಅದು ಹೆಚ್ಚಾಗಿ ಕಾನೂನಿನ ತತ್ವಶಾಸ್ತ್ರ. ಕೇಸ್ ಲಾ ಎನ್ನಿ.

ಜೊತೆಯ ವಿಶೇಷಣಗಳಲ್ಲಿ ದೊಡ್ಡ ಗುಂಡಿ ಅಥಾರಿಟೇಟಿವ್. ಇದು ಔತೊರಿತಾರಿಯೊ ಅಲ್ಲ. ಔತೊರಿತಾರಿಯೊ ಎಂದರೆ ದರ್ಪದ, ಸರ್ವಾಧಿಕಾರದ. ನಂಬಬಹುದಾದ ಆಕರಕ್ಕೆ ಫಿದೆದಿಗ್ನೊ, ತಿಳಿದವರ ಅಭಿಪ್ರಾಯಕ್ಕೆ ಔತೊರಿಸಾದೊ, ಎಲ್ಲರೂ ನೋಡುವ ಗ್ರಂಥಕ್ಕೆ ದೆ ರೆಫೆರೆನ್ಸಿಯಾ. ಮನಶ್ಶಾಸ್ತ್ರಜ್ಞೆ ಡಯಾನಾ ಬೌಮ್‌ರಿಂಡ್ 1960ರ ದಶಕದಲ್ಲಿ ಪಾಲನೆಯ ಬಗೆಗಳನ್ನು ಹೆಸರಿಸಿದಾಗ ಅಥಾರಿಟೇಟಿವ್ ಮತ್ತು ಅಥಾರಿಟೇರಿಯನ್ ಎಂಬ ಜೋಡಿಯನ್ನೇ ಬಳಸಿದರು. ಮೊದಲನೆಯದು ಕಟ್ಟುನಿಟ್ಟಿದ್ದರೂ ಮಗುವಿನ ಮಾತು ಕೇಳುವ ಪಾಲನೆ, ಎರಡನೆಯದು ಹೇಳಿದ್ದಷ್ಟೇ ಮಾಡು ಎಂಬ ಪಾಲನೆ. ಸ್ಪ್ಯಾನಿಷಿನಲ್ಲಿ ಮೊದಲನೆಯದನ್ನು ದೆಮೊಕ್ರಾತಿಕೊ ಅಥವಾ ಔತೊರಿತಾತಿವೊ ಎನ್ನುತ್ತಾರೆ. ಅಲ್ಲಿ ಔತೊರಿತಾರಿಯೊ ಎಂದು ಹಾಕಿದರೆ ಒಳ್ಳೆಯದೆಂದು ಹೇಳಿದ ಪಾಲನೆಯೇ ಕೆಟ್ಟದ್ದಾಗುತ್ತದೆ.

ಒಂದು ಕಾನೂನು, ಮೂರು ಉತ್ತರ

ಅಭ್ಯಾಸಕ್ಕೆ ಐರೋಪ್ಯ ಒಕ್ಕೂಟದ ದತ್ತಾಂಶ ಸಂರಕ್ಷಣೆಯ 2016/679 ಸಂಖ್ಯೆಯ ನಿಯಮ, ಜಿಡಿಪಿಆರ್, ಚೆನ್ನಾಗಿದೆ. ಯೂರ್‌ಲೆಕ್ಸ್ ಜಾಲತಾಣದಲ್ಲಿ ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಪಠ್ಯಗಳನ್ನು ಅಕ್ಕಪಕ್ಕ ತೆರೆಯಬಹುದು. ಸೂಪರ್‌ವೈಸರಿ ಅಥಾರಿಟಿ ಅಲ್ಲಿ ಔತೊರಿದಾದ್ ದೆ ಕೊಂತ್ರೋಲ್: ಸಂಸ್ಥೆ, ಹಾಗಾಗಿ ಪದ ಉಳಿಯಿತು. 4ನೇ ವಿಧಿಯ ಹತ್ತನೇ ವ್ಯಾಖ್ಯೆಯ ‘ಅಂಡರ್ ದ ಡೈರೆಕ್ಟ್ ಅಥಾರಿಟಿ’ ಎಂಬುದು ಬಾಹೊ ಲಾ ಔತೊರಿದಾದ್ ದಿರೆಕ್ತಾ: ಮೇಲಿನವರ ಹತೋಟಿ, ಹಾಗಾಗಿ ಇಲ್ಲೂ ಉಳಿಯಿತು. ಆದರೆ 6ನೇ ವಿಧಿಯ ಮೊದಲ ಉಪವಿಧಿಯ ‘ಅಫಿಷಿಯಲ್ ಅಥಾರಿಟಿ ವೆಸ್ಟೆಡ್ ಇನ್ ದ ಕಂಟ್ರೋಲರ್’ ಬಂದಾಗ ಸ್ಪ್ಯಾನಿಷ್ ಪಠ್ಯ ಔತೊರಿದಾದ್ ಬಿಟ್ಟು ಪೊದೆರೆಸ್ ಪೂಬ್ಲಿಕೊಸ್ ಹಿಡಿಯುತ್ತದೆ. ಅಲ್ಲಿ ಮಾತು ವಹಿಸಿಕೊಟ್ಟ ಸಾರ್ವಜನಿಕ ಅಧಿಕಾರದ್ದು.

ನಿಮ್ಮ ಅನುವಾದ ಮುಗಿದ ಮೇಲೆ ಕಡತದಲ್ಲಿ ಔತೊರಿದಾದ್ ಎಂದು ಹುಡುಕಿ, ಸಿಕ್ಕ ಒಂದೊಂದನ್ನೂ ಕನ್ನಡದಲ್ಲಿ ಹೇಳಿಕೊಳ್ಳಿ. ಪ್ರಾಧಿಕಾರ, ಅಧಿಕಾರಿ, ಹತೋಟಿ ಬಂದರೆ ಇರಲಿ. ‘ಮಾಡುವ ಅಧಿಕಾರ’, ಅನುಮತಿ, ಮುಖ್ತ್ಯಾರ, ಬಲ್ಲ ಮೂಲ, ಹಿಂದಿನ ತೀರ್ಪು ಬಂದರೆ ಬದಲಿಸಿ. ಕಾಗುಣಿತವನ್ನೂ ಅದೇ ಸುತ್ತಿನಲ್ಲಿ ನೋಡಿ: ಇಂಗ್ಲಿಷಿನಲ್ಲಿ ಟಿ ನಂತರ ಬರುವ ಎಚ್ ಅಕ್ಷರ ಸ್ಪ್ಯಾನಿಷಿನಲ್ಲಿ ಇಲ್ಲ, ಬೆರಳಿಗೆ ಇಂಗ್ಲಿಷ್ ರೂಢಿಯಾದವರು ಅದನ್ನು ತಿಳಿಯದೆ ಸೇರಿಸಿಬಿಡುತ್ತಾರೆ. ಏಕವಚನಕ್ಕೂ ಬಹುವಚನಕ್ಕೂ ಒತ್ತುಗುರುತು ಬೇಡ.